ದುಡಿಮೆಯನ್ನು ಹೇಗೆ ನೋಡೋದು: ಐವರು ಕಲಾವಿದರ ಜೊತೆ ಆರು ವಾರದ ಪಾಠ

ಚಿತ್ರಕಲೆ ಕಲಿಯಲು ಹೊಸದಾಗಿ ಬಂದ ಮಕ್ಕಳಿಗೆ "ದುಡಿಮೆ ಬಗ್ಗೆ ಏನಾದರೂ ಮಾಡಿ" ಎಂದು ಹೇಳಿ ನೋಡಿ. ಹತ್ತು ನಿಮಿಷದಲ್ಲಿ ಅರ್ಧ ಕ್ಲಾಸು ನೇಗಿಲು ಹಿಡಿದ ರೈತನನ್ನು ಬರೆದಿರುತ್ತದೆ. ಉಳಿದವರ ಹಾಳೆಯಲ್ಲಿ ಬುಟ್ಟಿ ಹೊತ್ತ ಹೆಂಗಸು, ಬೀಸುವ ಕಲ್ಲು, ಮೂಟೆ ಹೊತ್ತ ಹಮಾಲಿ. ಒಂದಿಬ್ಬರು ಮೇಲೆ ದಪ್ಪ ಅಕ್ಷರದಲ್ಲಿ 'ಕಾಯಕವೇ ಕೈಲಾಸ' ಎಂದೂ ಬರೆದಿರುತ್ತಾರೆ.

ಅದೇ ಮಕ್ಕಳ ಮನೆಗೆ ಹೋಗಿ ನೋಡಿ. ಅಪ್ಪ ಆಟೋ ಓಡಿಸುತ್ತಾರೆ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಇಲ್ಲವೇ ಮನೆಯಲ್ಲೇ ಕೂತು ಅಗರಬತ್ತಿ ಹೊಸೆಯುತ್ತಾರೆ. ಅಕ್ಕ ರಾತ್ರಿಪಾಳಿಯಲ್ಲಿ ನರ್ಸ್. ಇದ್ಯಾವುದೂ ಹಾಳೆಗೆ ಬರಲ್ಲ. ಮಕ್ಕಳಿಗೆ ಕೈ ಬರದು ಅಂತಲ್ಲ. ದುಡಿಮೆ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಪಠ್ಯಪುಸ್ತಕದ ಚಿತ್ರ, ಮನೆಯಲ್ಲಿ ದಿನಾ ನೋಡುವ ಕೈ ಅಲ್ಲ.

ಈ ಪಾಠ ಕಟ್ಟಿದ್ದು ಅದಕ್ಕೇ. ನಮ್ಮ ಕಾಲದ ಕಲಾವಿದರ ಕೆಲಸಗಳ ಮೂಲಕ ಒಂದು ವಿಷಯದೊಳಗೆ ಇಳಿಯುವುದು, ಆಮೇಲೆ ತಮ್ಮದೇ ಕೆಲಸ ಮಾಡುವುದು. ವಾರಕ್ಕೆ ಎರಡರಂತೆ ಒಟ್ಟು ಹನ್ನೆರಡು ಕ್ಲಾಸು, ಒಂದೊಂದೂ ಎರಡು ಗಂಟೆ. ಹೈಸ್ಕೂಲಿನ ದೊಡ್ಡ ಮಕ್ಕಳಿಂದ ಹಿಡಿದು ಡಿಗ್ರಿ ಮೊದಲ ವರ್ಷದವರ ತನಕ ನಡೆಯುತ್ತದೆ. ಇಡೀ ಪಾಠದಲ್ಲಿ ನಾನು ಬಿಡದೆ ಹಿಡಿದುಕೊಳ್ಳುವ ಪ್ರಶ್ನೆ ಒಂದೇ: ಇದನ್ನು ಹೇಗೆ ಮಾಡಿದ್ದಾರೆ? 'ಇದರ ಅರ್ಥವೇನು' ಅನ್ನುವುದು ತಾನಾಗಿ ಹಿಂದೆ ಬರುತ್ತದೆ.

ವಿಷಯ ಆರಿಸುವಾಗ

'ಪರಿಸರ', 'ಶಾಂತಿ', 'ಮಹಿಳೆ' ಇಂಥ ವಿಷಯ ಕೊಟ್ಟರೆ ಪೋಸ್ಟರ್ ಬರುತ್ತದೆ. ಅವು ಕೆಟ್ಟ ವಿಷಯಗಳಲ್ಲ, ತುಂಬಾ ಅಗಲ ಅಷ್ಟೆ. ನಾನು ಎರಡು ಪರೀಕ್ಷೆ ಇಡುತ್ತೇನೆ. ಕ್ಲಾಸಿನ ಪ್ರತಿ ಮಗುವಿನ ಮನೆಯಲ್ಲೂ ಆ ವಿಷಯಕ್ಕೆ ಸಂಬಂಧಪಟ್ಟ ಒಂದು ವಸ್ತು ಸಿಗಬೇಕು. ಆ ವಿಷಯವನ್ನು ಹತ್ತಿಪ್ಪತ್ತು ಕ್ರಿಯಾಪದಗಳಾಗಿ ಒಡೆಯಲು ಆಗಬೇಕು. ದುಡಿಮೆ ಎರಡರಲ್ಲೂ ಪಾಸಾಗುತ್ತದೆ: ಹೊಲಿ, ತೊಳೆ, ಕಟ್ಟು, ಎಣಿಸು, ಹೊರು, ಕಾಯು, ಗುಡಿಸು, ಪೋಣಿಸು. ಒಂದು ಸಲ ಕ್ಲಾಸಿನಲ್ಲಿ 'ಕಾಯು' ಎಂದು ಹೇಳಿದ ಹುಡುಗನ ಅಪ್ಪ ಎಟಿಎಂ ಒಂದರ ಸೆಕ್ಯುರಿಟಿ ಗಾರ್ಡ್. ಸುಮ್ಮನೆ ಕೂತು ಕಾಯುವುದೂ ದುಡಿಮೆಯೇ ಅಲ್ವಾ ಸರ್, ಎಂದು ಕೇಳಿದ. ಆ ದಿನದ ಉಳಿದ ಸಮಯವೆಲ್ಲ ಆ ಮಾತಿಗೇ ಹೋಯಿತು. ಹೋಗಲಿ ಬಿಡಿ. ಇಂಥ ಮಾತು ಬಂದಾಗ ಸಿಲೆಬಸ್ ನೋಡಬೇಡಿ.

ಮೊದಲ ಕ್ಲಾಸು: ನೇಗಿಲನ್ನು ಮೊದಲು ಹೊರಗೆ ತೆಗೆಯಿರಿ

ಹತ್ತು ನಿಮಿಷ ಕೊಟ್ಟು, ಯೋಚಿಸದೆ ಬರೆಯಲು ಹೇಳಿ. ಎಲ್ಲ ಹಾಳೆಗಳನ್ನೂ ಗೋಡೆಗೆ ಅಂಟಿಸಿ. ಬೈಯಬೇಡಿ, ನಗಬೇಡಿ. ಒಂದೇ ಥರದವನ್ನು ಒಟ್ಟಿಗೆ ಇಡಲು ಮಕ್ಕಳಿಗೇ ಹೇಳಿ. ಹನ್ನೊಂದು ರೈತರು ಸಾಲಾಗಿ ನಿಂತಾಗ ಅವರಿಗೇ ಗೊತ್ತಾಗುತ್ತದೆ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ನೀವು ಕಣ್ಣಾರೆ ನೋಡಿದ ಕೆಲಸ ಯಾವುದು? ಈ ಹಾಳೆಗಳನ್ನು ಎಸೆಯಬೇಡಿ. ಆರನೇ ವಾರ ಮತ್ತೆ ಬೇಕಾಗುತ್ತವೆ.

ಮನೆಗೆಲಸ ಇಷ್ಟೇ: ಮನೆಯಲ್ಲಿ ಯಾರಾದರೂ ಒಬ್ಬರು ಕೆಲಸ ಮಾಡುವಾಗ ಅವರ ಕೈಯನ್ನು ಇಪ್ಪತ್ತು ನಿಮಿಷ ನೋಡಿ ಬನ್ನಿ. ಫೋಟೊ ಬೇಡ, ಮೊದಲು ನೋಡಿ.

ಕಲಾವಿದರನ್ನು ಆರಿಸುವುದು

ಐವರು ಸಾಕು. ಹದಿನೈದು ಜನರ ಸ್ಲೈಡ್ ಶೋ ಮಾಡಿದರೆ ಮಕ್ಕಳಿಗೆ ಒಂದು ಹೆಸರೂ ಉಳಿಯಲ್ಲ. ಆರಿಸುವಾಗ ಮೂರು ವಿಚಾರ ನೋಡಿ. ಒಬ್ಬರಿಗಿಂತ ಒಬ್ಬರ ಮಾಡುವ ಬಗೆ ಬೇರೆ ಇರಲಿ. ಒಬ್ಬರಾದರೂ ಮಕ್ಕಳಿಗೆ ಗೊತ್ತಿರುವ ಊರಿನವರಾಗಿರಲಿ. ಇನ್ನೊಬ್ಬರು, ಗೋಡೆಗೆ ತೂಗುಹಾಕುವಂಥ ವಸ್ತುವನ್ನೇ ಮಾಡದವರಾಗಿರಲಿ. ನನ್ನ ಪಟ್ಟಿ ಹೀಗಿದೆ: ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಶೀಲಾ ಗೌಡ, ಮೈಸೂರಿನ ಎನ್. ಎಸ್. ಹರ್ಷ, ಚೀನಾದ ಐ ವೇವೇ, ನ್ಯೂಯಾರ್ಕಿನ ಮಿಯರ್ಲ್ ಲೇಡರ್‌ಮನ್ ಯುಕೆಲೀಸ್, ಬೆಲ್ಜಿಯಂನಲ್ಲಿ ಹುಟ್ಟಿ ಮೆಕ್ಸಿಕೊ ಸಿಟಿಯಲ್ಲಿ ನೆಲೆಸಿದ ಫ್ರಾನ್ಸಿಸ್ ಆಲಿಸ್.

ನೋಡುವ ಕ್ರಮ

ಚಿತ್ರ ತೋರಿಸಿದ ತಕ್ಷಣ ಕಲಾವಿದರ ಕಥೆ ಹೇಳುವುದು ನಮ್ಮೆಲ್ಲರ ಚಟ. ನನಗೂ ಇತ್ತು. ಬಿಡಲು ಕಷ್ಟವಾಯಿತು. ಈಗ ಹೀಗೆ ಮಾಡುತ್ತೇನೆ. ಹೆಸರು, ಶೀರ್ಷಿಕೆ ಏನೂ ಹೇಳದೆ ಐದು ನಿಮಿಷ ಸುಮ್ಮನೆ ನೋಡಿಸುತ್ತೇನೆ. ಆಮೇಲೆ ಮೂರು ಸುತ್ತು ಮಾತು. ಮೊದಲ ಸುತ್ತಿನಲ್ಲಿ ಕಣ್ಣಿಗೆ ಕಾಣುವುದು ಮಾತ್ರ: 'ಕೆಂಪು ಹಗ್ಗ', 'ನೆಲದ ಮೇಲೆ ಸುರುಳಿ', 'ತುದಿಯಲ್ಲಿ ಏನೋ ಹೊಳೀತಿದೆ'. 'ನೋವು', 'ರಕ್ತ' ಎಂದರೆ ತಡೆಯಿರಿ, ಅದು ಆಮೇಲೆ. ಎರಡನೇ ಸುತ್ತಿನಲ್ಲಿ ಇದನ್ನು ಹೇಗೆ ಮಾಡಿರಬಹುದು, ಏನೇನು ಬೇಕಾಯಿತು, ಎಷ್ಟು ಹೊತ್ತು ಹಿಡಿದಿರಬಹುದು. ಮೂರನೆಯದರಲ್ಲಿ ಯಾರು ಮಾಡಿದರು, ಯಾವಾಗ, ಎಲ್ಲಿ. ಇಲ್ಲಿ ಮಾತ್ರ ನೀವು ಬಾಯಿ ಬಿಡಿ.

ಪ್ರೊಜೆಕ್ಟರ್ ಇಲ್ಲದಿದ್ದರೆ ಚಿಂತೆ ಬೇಡ. ದೊಡ್ಡ ಮ್ಯೂಸಿಯಂಗಳ ವೆಬ್‌ಸೈಟಿನಲ್ಲಿ ಒಳ್ಳೆಯ ಫೋಟೊಗಳು ಸಿಗುತ್ತವೆ. ಒಂದೊಂದು ಕೆಲಸಕ್ಕೆ ಎರಡು ಕಲರ್ ಪ್ರಿಂಟ್‌ಔಟ್ ಸಾಕು: ಒಂದು ದೂರದಿಂದ ತೆಗೆದದ್ದು, ಇನ್ನೊಂದು ಹತ್ತಿರದಿಂದ ತೆಗೆದದ್ದು. ಫೋಟೊದಲ್ಲಿ ಕೆಲಸದ ಗಾತ್ರ ಗೊತ್ತಾಗಲ್ಲ. ಹಾಗಾಗಿ ಕಾರಿಡಾರಿನಲ್ಲಿ ಸೀಮೆಸುಣ್ಣದಿಂದ ನಿಜವಾದ ಅಳತೆಯನ್ನು ಗೀಚಿ, ಮಕ್ಕಳನ್ನು ಅದರ ಸುತ್ತ ನಡೆಸಿ.

ಶೀಲಾ ಗೌಡ: ಸೂಜಿಯ ಕಣ್ಣಿನ ಮೂಲಕ

ಈ ಕೆಲಸಕ್ಕೆ ಎರಡು ಪೂರ್ತಿ ಕ್ಲಾಸು ಕೊಡುತ್ತೇನೆ. ಉಳಿದವರಿಗಿಂತ ಜಾಸ್ತಿ, ಗೊತ್ತಿದ್ದೇ.

ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ. ಮೊದಲು ಚಿತ್ರ ಬರೆಯುತ್ತಿದ್ದವರು. 1990ರ ದಶಕದಲ್ಲಿ ಕ್ಯಾನ್ವಾಸು ಬಿಟ್ಟು ಸಗಣಿ, ಕುಂಕುಮ, ದಾರ, ಸೂಜಿ ಕೈಗೆತ್ತಿಕೊಂಡರು. 1998ರ ಒಂದು ಕೆಲಸದ ಹೆಸರನ್ನು ಕನ್ನಡದಲ್ಲಿ 'ನನ್ನ ನೋವನ್ನು ಅವನಿಗೆ ಹೇಳು' ಎನ್ನಬಹುದು. ನೂರಾರು ಅಡಿ ಉದ್ದದ ದಾರವನ್ನು ಸೂಜಿಯ ಕಣ್ಣಿನೊಳಗಿಂದ ಎಳೆಯುವುದು. ಅಂಥ ಎಷ್ಟೋ ಎಳೆಗಳನ್ನು ಒಟ್ಟುಮಾಡಿ, ಗೋಂದು ಕುಂಕುಮ ಬಳಿದು, ಹಗ್ಗ ಮಾಡುವುದು. ಆ ಹಗ್ಗ ಗೋಡೆಯಿಂದ ಇಳಿದು ನೆಲದ ಮೇಲೆ ಹಾವಿನಂತೆ ಹರಿಯುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು.

ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳು ತಲೆ ಆಡಿಸುತ್ತಾರೆ, ಅಷ್ಟೆ. ಆದ್ದರಿಂದ ಮುಂದಿನ ಕ್ಲಾಸಿಗೆ ಎಲ್ಲರಿಗೂ ಒಂದು ಸೂಜಿ, ಒಂದು ದಾರದ ಉಂಡೆ ತರಲು ಹೇಳಿ. ದಾರ ಪೋಣಿಸಿ, ಉಂಡೆ ಮುಗಿಯುವ ತನಕ ಸೂಜಿಯ ಕಣ್ಣಿನಿಂದ ಎಳೆಯುತ್ತಾ ಹೋಗಲಿ. ಅರ್ಧ ಗಂಟೆ, ಮಾತಿಲ್ಲದೆ. ಮೊದಲ ಐದು ನಿಮಿಷ ನಗು ಬರುತ್ತದೆ. ಹತ್ತನೇ ನಿಮಿಷಕ್ಕೆ ದಾರ ಸಿಕ್ಕು ಬೀಳುತ್ತದೆ. ಹದಿನೈದಕ್ಕೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಕೊನೆಗೆ ಕ್ಲಾಸಿನಲ್ಲಿ ಕೇಳುವುದು ದಾರ ಸರಿಯುವ ಸಣ್ಣ ಸದ್ದು ಒಂದೇ. ಒಂದು ಸಲ ಒಬ್ಬ ಹುಡುಗಿ ತನ್ನ ತೋರುಬೆರಳು ಎತ್ತಿ ತೋರಿಸಿದಳು. ದಾರ ಉಜ್ಜಿ ಉಜ್ಜಿ ಬೆರಳಿನ ಮೇಲೆ ಕೆಂಪು ಗೆರೆ ಬಿದ್ದಿತ್ತು. "ನಮ್ಮಮ್ಮನ ಬೆರಳಲ್ಲಿ ಇದು ಯಾವಾಗಲೂ ಇರುತ್ತೆ" ಎಂದಳು. ಅವಳ ಅಮ್ಮ ಹೂವು ಕಟ್ಟುವವರು.

ಇದಾದ ಮೇಲೆ ಮತ್ತೆ ಆ ಫೋಟೊ ತೋರಿಸಿ. ಆ ಹಗ್ಗವನ್ನು ಮಕ್ಕಳು ಈಗ ನೋಡುವ ಬಗೆಯೇ ಬೇರೆ. ಅಲ್ಲಿ ದುಡಿಯುವ ಹೆಂಗಸಿನ ಚಿತ್ರ ಎಲ್ಲೂ ಇಲ್ಲ. ಆದರೆ ಆ ದುಡಿಮೆ ಪೂರ್ತಿ ಆ ಹಗ್ಗದೊಳಗೇ ಇದೆ. ಈ ಒಂದು ವಿಷಯ ಕೈಗೆ ತಿಳಿದರೆ ಪಾಠದ ಅರ್ಧ ಮುಗಿದಂತೆ.

ಸಮಯ ಉಳಿದರೆ 2009ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆ ಎಂಬ ದೊಡ್ಡ ಕಲಾಪ್ರದರ್ಶನದಲ್ಲಿ ಅವರು ತೋರಿಸಿದ ಕೆಲಸವನ್ನೂ ನೋಡಿಸಿ. ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು 4 ಕಿಲೋಮೀಟರ್ ಹಗ್ಗ, ಅದರಲ್ಲಿ ತೂಗುವ ಕಾರಿನ ಬಂಪರುಗಳು. ದೃಷ್ಟಿ ಆಗದಿರಲಿ ಎಂದು ಗಾಡಿಗೆ ಕೂದಲ ಹಗ್ಗ ಕಟ್ಟುವುದನ್ನು ನಮ್ಮ ಮಕ್ಕಳು ನೋಡಿಯೇ ಇರುತ್ತಾರೆ. ಆ ಹಗ್ಗ ಹೊಸೆಯುವವರು ಯಾರು, ಮುಡಿ ಕೊಟ್ಟವರು ಯಾರು ಎಂದು ಕೇಳಿದರೆ ಸಾಕು.

ಉಳಿದ ನಾಲ್ವರು

ಎನ್. ಎಸ್. ಹರ್ಷ 2007ರಲ್ಲಿ ಮಾಡಿದ 'ನೇಷನ್ಸ್' ನಮ್ಮ ಕಡೆಯ ಮಕ್ಕಳಿಗೆ ಬೇಗ ಹಿಡಿಸುತ್ತದೆ. ಕಾಲಿನಲ್ಲಿ ತುಳಿಯುವ 190ಕ್ಕೂ ಹೆಚ್ಚು ಹೊಲಿಗೆ ಯಂತ್ರಗಳು. ಪ್ರತಿಯೊಂದರಲ್ಲೂ ಒಂದೊಂದು ದೇಶದ ಬಾವುಟ, ನಡುವೆ ಸಿಕ್ಕುಸಿಕ್ಕಾದ ದಾರ. ಯಂತ್ರದ ಮುಂದೆ ಕೂರಬೇಕಾದವರು ಮಾತ್ರ ಇಲ್ಲ. ಆ ಖಾಲಿ ಜಾಗದ ಬಗ್ಗೆ ಮಾತಾಡಿಸಿ. ಗಾರ್ಮೆಂಟ್ಸ್‌ನಲ್ಲಿ ಅಮ್ಮ, ಅಕ್ಕ ಇರುವ ಮಕ್ಕಳು ಇಲ್ಲಿ ನಿಮಗಿಂತ ಜಾಸ್ತಿ ಹೇಳುತ್ತಾರೆ. ಯಾವ ದೇಶದ ಲೇಬಲ್ ಯಾರ ಕೈಯಲ್ಲಿ ಹೊಲಿಯಲಾಗುತ್ತದೆ ಎಂದು ಅವರಿಗೆ ಗೊತ್ತು.

ಐ ವೇವೇ 2010ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಮ್ಯೂಸಿಯಂನ ದೊಡ್ಡ ಹಾಲಿನಲ್ಲಿ ಸುಮಾರು 10 ಕೋಟಿ ಸೂರ್ಯಕಾಂತಿ ಬೀಜಗಳನ್ನು ಹರಡಿದರು. ಎಲ್ಲವೂ ಪಿಂಗಾಣಿಯವು. ಪಿಂಗಾಣಿಗೆ ಹೆಸರಾದ ಜಿಂಗ್‌ದೆಜೆನ್ ಊರಿನ ಸುಮಾರು 1,600 ಕುಶಲಕರ್ಮಿಗಳು ಒಂದೊಂದಕ್ಕೂ ಕೈಯಿಂದ ಬಣ್ಣ ಹಾಕಿದ್ದು. ಕ್ಲಾಸಿಗೆ ನಿಜವಾದ ಸೂರ್ಯಕಾಂತಿ ಬೀಜ ತನ್ನಿ. ಸಣ್ಣ ಬೀಜದ ಗಾತ್ರದ ಮಣ್ಣಿನ ಉಂಡೆ ಮಾಡಿಸಿ, ಒಣಗಿಸಿ, ಅದರ ಮೇಲೆ ಗೆರೆ ಎಳೆಸಿ. ಒಂದಕ್ಕೆ ಒಂದು ನಿಮಿಷ ಹಿಡಿಯಿತು ಅಂದುಕೊಳ್ಳಿ. 10 ಕೋಟಿ ನಿಮಿಷ ಅಂದರೆ ಎಷ್ಟು ಎಂದು ಬೋರ್ಡಿನ ಮೇಲೆ ಲೆಕ್ಕ ಹಾಕಿಸಿ. ಊಟ ನಿದ್ದೆ ಬಿಟ್ಟು ಒಬ್ಬರೇ ಕೂತರೂ 190 ವರ್ಷ. ಲೆಕ್ಕ ಮುಗಿದಾಗ ಕೇಳಬೇಕಾದ ಪ್ರಶ್ನೆ: 1,600 ಜನ ಮಾಡಿದ್ದಕ್ಕೆ ಒಬ್ಬರ ಹೆಸರು ಸರಿಯೇ? ಇದಕ್ಕೆ ನೀವು ಉತ್ತರ ಕೊಡಬೇಡಿ. ನಮ್ಮ ದೇವಸ್ಥಾನಗಳ ಶಿಲ್ಪಗಳ ಬಗ್ಗೆ, ಬೇಲೂರಿನ ಶಿಲ್ಪಗಳ ಕೆಳಗೆ ಹೆಸರು ಕೆತ್ತಿಕೊಂಡ ಶಿಲ್ಪಿಗಳ ಬಗ್ಗೆ ಮಾತು ತಾನಾಗಿ ಹೊರಳುತ್ತದೆ.

ಆಲಿಸ್ ಅವರ 1997ರ ಕೆಲಸಕ್ಕೆ ಹತ್ತು ನಿಮಿಷ ಸಾಕು. ಮೆಕ್ಸಿಕೊ ಸಿಟಿಯ ಬೀದಿಗಳಲ್ಲಿ ಒಂದು ದೊಡ್ಡ ಮಂಜುಗಡ್ಡೆಯನ್ನು ಒಂಬತ್ತು ಗಂಟೆಗೂ ಹೆಚ್ಚು ಹೊತ್ತು ತಳ್ಳುತ್ತಾ ಹೋಗುತ್ತಾರೆ, ಅದು ಕರಗಿ ನೀರಾಗುವ ತನಕ. ಕೊನೆಗೆ ಉಳಿಯುವುದು ಒದ್ದೆ ನೆಲ. ಕೆಲಸ ಮಾಡಿಯೂ ಏನೂ ಉಳಿಯದ ದುಡಿಮೆ ನಮ್ಮ ಮನೆಯಲ್ಲಿ ಯಾವುದಿದೆ ಎಂದು ಕೇಳಿ. 'ಪಾತ್ರೆ ತೊಳೆಯೋದು' ಎಂಬ ಉತ್ತರ ಖಂಡಿತ ಬರುತ್ತದೆ.

ಪಾತ್ರೆಯಿಂದ ಯುಕೆಲೀಸ್ ಹತ್ತಿರ ಹೋಗುವುದು ಸಲೀಸು. ಮಗು ಹುಟ್ಟಿದ ಮೇಲೆ ಅವರ ದಿನವೆಲ್ಲ ತೊಳೆಯುವುದು, ಉಣಿಸುವುದು, ಒರೆಸುವುದರಲ್ಲೇ ಹೋಗುತ್ತಿತ್ತು. ಹಾಗಾದರೆ ಇದೇ ನನ್ನ ಕಲೆ ಎಂದು 1969ರಲ್ಲಿ ಒಂದು ಪ್ರಣಾಳಿಕೆ ಬರೆದರು. 1973ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಊರಿನ ಮ್ಯೂಸಿಯಂನ ಮೆಟ್ಟಿಲುಗಳನ್ನು, ನೆಲವನ್ನು ಜನರ ಮುಂದೆಯೇ ತೊಳೆದರು. 1979-80ರಲ್ಲಿ ನ್ಯೂಯಾರ್ಕಿನ ಸುಮಾರು 8,500 ಪೌರಕಾರ್ಮಿಕರ ಬಳಿ ಹೋಗಿ, ಒಬ್ಬೊಬ್ಬರ ಕೈ ಕುಲುಕಿ, ಈ ನಗರವನ್ನು ಬದುಕಿಸಿಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳಿದರು.

ಇಲ್ಲಿ ಮೇಷ್ಟ್ರುಗಳು ಎಚ್ಚರದಿಂದ ಇರಬೇಕು. ನಮ್ಮ ನಾಡಿನಲ್ಲಿ ಕಸ ಗುಡಿಸುವ ಕೆಲಸಕ್ಕೆ ಜಾತಿ ಅಂಟಿಕೊಂಡಿದೆ. ಕೈ ಮುಟ್ಟುವುದು ಎಂದರೆ ಇಲ್ಲಿ ಬರೀ ಶಿಷ್ಟಾಚಾರ ಅಲ್ಲ. ಪೌರಕಾರ್ಮಿಕರ ಮಗುವೊಂದು ನಿಮ್ಮ ಕ್ಲಾಸಿನಲ್ಲೇ ಇರಬಹುದು. ಅದಕ್ಕೆ ತನ್ನ ಮನೆಯ ವಿಷಯ ಹೇಳಲು ಮನಸ್ಸಿರಬಹುದು, ಇಲ್ಲದೆಯೂ ಇರಬಹುದು. ಯಾರನ್ನೂ ಹೆಸರು ಹಿಡಿದು "ನಿಮ್ಮ ಅಪ್ಪ ಏನು ಮಾಡ್ತಾರೆ" ಎಂದು ಕೇಳಬೇಡಿ. ತಾವಾಗಿ ಹೇಳಿದರೆ ಕಿವಿಕೊಟ್ಟು ಕೇಳಿ. ಬೇಡ ಎಂದವರು ಶಾಲೆಯ ಆಯಾ, ಬಸ್ ಕಂಡಕ್ಟರ್, ಬೇಕರಿ ಅಣ್ಣ, ಯಾರ ಕೆಲಸವನ್ನಾದರೂ ಆರಿಸಿಕೊಳ್ಳಲಿ.

ಹೊರಗೆ ಹೋಗಿ ನೋಡುವುದು

ಮೂರನೇ ವಾರದ ಕೊನೆಗೆ ಪ್ರತಿಯೊಬ್ಬರೂ ಒಬ್ಬ ವ್ಯಕ್ತಿ, ಒಂದು ಕೆಲಸ ಆರಿಸಿರಬೇಕು. ಕನಿಷ್ಠ ಮೂರು ಸಲ ಹೋಗಿ ನೋಡಬೇಕು. ಹೋಗುವ ಮೊದಲು ಅನುಮತಿ ಕೇಳಬೇಕು, ವಿಷಯ ಏನೆಂದು ತಿಳಿಸಬೇಕು. ಫೋಟೊ ತೆಗೆದರೆ ಕೈ ಮಾತ್ರ, ಮುಖ ಬೇಡ. ಕೆಲಸದ ಹೊತ್ತಿನಲ್ಲಿ ಅಡ್ಡ ಬರಬಾರದು. ಆಗುವುದಾದರೆ ಒಂದಿಷ್ಟು ಕೆಲಸಕ್ಕೆ ಕೈಜೋಡಿಸಲಿ.

ಸ್ಕೆಚ್‌ಬುಕ್ಕಿನಲ್ಲಿ ಏನು ಬರೆಯಬೇಕು ಎಂದು ಬಿಡಿಸಿ ಹೇಳದಿದ್ದರೆ 'ಅವರು ತುಂಬಾ ಕಷ್ಟಪಡುತ್ತಾರೆ' ಎಂದು ಬರೆದು ತರುತ್ತಾರೆ. ಅದರ ಬದಲು ಅಳತೆ ಕೇಳಿ. ಎಷ್ಟು ಸಲ ಬಗ್ಗಿದರು? ಯಾವ ಬೆರಳು ಹೆಚ್ಚು ಓಡುತ್ತದೆ? ಕೆಲಸದ ಸದ್ದು ಹೇಗಿದೆ? ಆ ಕೆಲಸಕ್ಕೇ ಇರುವ ಮಾತುಗಳು ಯಾವುವು? ಶಿಡ್ಲಘಟ್ಟದ ಕಡೆಯ ಹುಡುಗನೊಬ್ಬ ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಯ ಒಂದೇ ಒಂದು ಸುತ್ತನ್ನು ನಾಲ್ಕು ಪುಟ ಬರೆದ. ಬಿದಿರಿನ ಸೀಳು ಎಲ್ಲಿ ಬಾಗುತ್ತದೆ, ಎಲ್ಲಿ ಮುರಿಯುತ್ತದೆ, ಯಾವ ಜಾಗ ಕೈ ತಾಗಿ ತಾಗಿ ನುಣ್ಣಗಾಗಿದೆ, ಎಲ್ಲ ಅದರಲ್ಲಿತ್ತು. ಅಂಥ ನಾಲ್ಕು ಪುಟ ನನಗೆ ಒಂದು ದೊಡ್ಡ ಪೇಂಟಿಂಗ್‌ಗೆ ಸಮ.

ಸಣ್ಣ ಪ್ರಯೋಗಗಳು

ನಾಲ್ಕನೇ ವಾರ ಪೂರ್ತಿ ಇದಕ್ಕೇ. ಅಂಗೈಯಷ್ಟು ಗಾತ್ರದಲ್ಲಿ ಐದು ಪ್ರಯೋಗ. ಬಣ್ಣ, ಬ್ರಷ್ಷು ಈ ವಾರ ಮುಟ್ಟುವಂತಿಲ್ಲ. ಆ ಕೆಲಸದ ಜಾಗದಲ್ಲಿ ಸಿಗುವ ವಸ್ತುವೇ ಬೇಕು: ಗಾರ್ಮೆಂಟ್ಸಿನ ತುಂಡು ಬಟ್ಟೆ, ಗ್ಯಾರೇಜಿನ ಎಣ್ಣೆಬಟ್ಟೆ, ಬಸ್ ಟಿಕೆಟ್ಟು, ಇಸ್ತ್ರಿ ಅಂಗಡಿಯ ಇದ್ದಿಲಬೂದಿ. ಪ್ರತಿ ಪ್ರಯೋಗವೂ ಒಂದು ಕ್ರಿಯಾಪದದಿಂದ ಶುರುವಾಗಲಿ. ಮಡಿಸು, ಉಜ್ಜು, ಕಟ್ಟು, ತೂಗು. ಖರ್ಚು ಹೆಚ್ಚೆಂದರೆ ಗೋಂದಿನದು.

ಐದರಲ್ಲಿ ಮೂರು ಕೆಡುತ್ತವೆ. ಕೆಟ್ಟವನ್ನೂ ಸ್ಕೆಚ್‌ಬುಕ್ಕಿಗೆ ಅಂಟಿಸಿ, ಯಾಕೆ ಕೆಟ್ಟಿತು ಎಂದು ಪಕ್ಕದಲ್ಲಿ ಬರೆಸಿ. ಮಾರ್ಕ್ಸ್ ಇದಕ್ಕೂ ಇದೆ ಎಂದು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಕೆಟ್ಟದ್ದೆಲ್ಲ ಕಸದಬುಟ್ಟಿಗೆ ಹೋಗುತ್ತದೆ.

ನಕಲು ಎಂಬ ತೊಡಕು

ಈ ಪಾಠವನ್ನು ಮೊದಲ ಸಲ ಮಾಡಿದ ವರ್ಷ ಕೊನೆಯ ಪ್ರದರ್ಶನದಲ್ಲಿ ಒಂಬತ್ತು ಕೆಂಪು ಹಗ್ಗಗಳಿದ್ದವು. ಮಕ್ಕಳಿಗೆ ಅಷ್ಟು ಇಷ್ಟವಾಗಿತ್ತು, ಸಂತೋಷವೇ. ಆದರೆ ಅದು ಶೀಲಾ ಗೌಡರ ಹಗ್ಗದ ನೆರಳು, ಮಕ್ಕಳ ಮನೆಯ ಕೆಲಸ ಅದರಲ್ಲಿ ಇರಲಿಲ್ಲ. ತಪ್ಪು ನನ್ನದು. ನೋಡುವುದಕ್ಕೂ ಮಾಡುವುದಕ್ಕೂ ನಡುವೆ ಒಂದು ಮೆಟ್ಟಿಲು ಬೇಕಿತ್ತು.

ಈಗ ಆ ಮೆಟ್ಟಿಲು ಹೀಗಿದೆ. ಪ್ರತಿಯೊಬ್ಬರೂ ಒಬ್ಬ ಕಲಾವಿದರಿಂದ ಒಂದು ಪ್ರಶ್ನೆ ಮಾತ್ರ ಎರವಲು ಪಡೆಯಬೇಕು. ವಸ್ತು, ಬಣ್ಣ, ಆಕಾರ ಪಡೆಯುವಂತಿಲ್ಲ. ಶೀಲಾ ಗೌಡರಿಂದ: ಒಂದೇ ಚಲನೆಯನ್ನು ಸಾವಿರ ಸಲ ಮಾಡಿದರೆ ಏನು ಉಳಿಯುತ್ತದೆ? ಹರ್ಷರಿಂದ: ಕೆಲಸ ಮಾಡುವವರನ್ನು ತೆಗೆದರೆ ಆ ಜಾಗ ಏನು ಹೇಳುತ್ತದೆ? ಐ ವೇವೇಯಿಂದ: ಇದನ್ನು ಎಷ್ಟು ಕೈಗಳು ಮಾಡಿದವು? ಯುಕೆಲೀಸ್‌ರಿಂದ: ಕಣ್ಣಿಗೆ ಬೀಳದ ಕೆಲಸವನ್ನು ಜನರ ನಡುವೆ ತಂದರೆ? ಆಲಿಸ್‌ರಿಂದ: ಏನೂ ಉಳಿಯದಿದ್ದರೆ? ಒಂದು ಚೀಟಿಯಲ್ಲಿ ಆ ಪ್ರಶ್ನೆ ಬರೆದು ಮೇಜಿಗೆ ಅಂಟಿಸಿಕೊಂಡು ಕೆಲಸ ಶುರು ಮಾಡಲಿ.

ಮಾಡುವುದು

ಹೂ ಕಟ್ಟುವವರ ಮಗಳ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅವಳು ಮೊದಲು ಹೂವಿನ ಬುಟ್ಟಿಯ ಚಿತ್ರ ಬರೆಯಬೇಕೆಂದಿದ್ದಳು. ಮೂರನೇ ಸಲ ಮಾರ್ಕೆಟ್ಟಿಗೆ ಹೋದಾಗ ಟೇಪು ತಗೊಂಡು ಹೋಗಿ ಅಮ್ಮನ ಮೊಳ ಅಳೆದಳು. ಹದಿನಾರೂವರೆ ಇಂಚು. ಪಕ್ಕದಲ್ಲಿ ಕೂರುವ ಅಜ್ಜಿಯ ಮೊಳ ಹದಿನೈದೂ ಇಲ್ಲ. "ಅಮ್ಮನ ಕೈಯೇ ಅಳತೆಕೋಲು" ಎಂದು ಸ್ಕೆಚ್‌ಬುಕ್ಕಿನಲ್ಲಿ ಬರೆದಳು. ಹೂವಿಲ್ಲದ ಮಾಲೆ ಮಾಡುತ್ತೇನೆ, ಬರೀ ಗಂಟುಗಳು, ಅಮ್ಮನ ಮೊಳದ ಲೆಕ್ಕದಲ್ಲಿ, ಎಂದು ತೀರ್ಮಾನಿಸಿದಳು.

ಮಾರನೇ ದಿನ ಮುಖ ಸಪ್ಪಗೆ ಮಾಡಿಕೊಂಡು ಬಂದಳು. ಹೂವಿಲ್ಲದೆ ಗಂಟು ನಿಲ್ಲುತ್ತಿರಲಿಲ್ಲ. ಹೂ ಕಟ್ಟುವಾಗ ದಾರ ಸುತ್ತುವುದು ತೊಟ್ಟಿಗೆ. ತೊಟ್ಟು ಇಲ್ಲದಿದ್ದರೆ ಎಳೆದ ಕೂಡಲೇ ಕುಣಿಕೆ ಬಿಚ್ಚಿಹೋಗುತ್ತದೆ. ನಾನೇನೂ ಉಪಾಯ ಹೇಳಲಿಲ್ಲ. ಎರಡು ದಿನ ಒದ್ದಾಡಿದಳು. ಆಮೇಲೆ ಅಮ್ಮ ಸಾಲದ ಲೆಕ್ಕ ಬರೆದಿಡುವ ಹಳೆಯ ನೋಟ್‌ಬುಕ್ಕಿನ ಹಾಳೆಗಳನ್ನು ಹರಿದು, ತೊಟ್ಟಿನಷ್ಟು ಸಣ್ಣ ಸುರುಳಿ ಮಾಡಿ, ಬಾಳೆನಾರಿನಲ್ಲಿ ಕಟ್ಟಿದಳು. ಹತ್ತಿರ ಹೋದರೆ ಸುರುಳಿಯ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಅಂಕಿ ಕಾಣುತ್ತಿತ್ತು. ಪ್ರತಿ ಮೊಳಕ್ಕೂ ಒಂದು ಅರಿಶಿನದ ಗುರುತು. ಸಂಜೆ ಹೊತ್ತು ಅಮ್ಮನೂ ಕೈ ಹಾಕಿದರು. ಎಂಟು ಸಂಜೆಗೆ ಇಪ್ಪತ್ತನಾಲ್ಕು ಮೊಳ, ಅಂದರೆ ಮೂವತ್ತಮೂರು ಅಡಿ ಆಯಿತು.

ಈ ಎರಡು ವಾರ ಮೇಷ್ಟ್ರ ಕೆಲಸ ಕಡಿಮೆ ಮಾತಾಡುವುದು. ಅಂಟು ಹಿಡಿಯದಿದ್ದರೆ, ತೂಕ ತಾಳದಿದ್ದರೆ ಸಹಾಯ ಮಾಡಿ. 'ಇಲ್ಲಿ ಸ್ವಲ್ಪ ಕೆಂಪು ಹಾಕು' ಎನ್ನಬೇಡಿ.

ಕೊನೆಯ ವಾರ

ಪ್ರದರ್ಶನಕ್ಕೆ ಹಾಲ್ ಬೇಕಿಲ್ಲ, ಕಾರಿಡಾರ್ ಸಾಕು. ಮೊದಲ ದಿನದ ಹಾಳೆಗಳನ್ನೂ ಒಂದು ಕಡೆ ಹಾಕಿ. ಯಾರ ಕೆಲಸ ನೋಡಿದ್ದಾರೋ ಅವರನ್ನು ಕರೆಯಲು ಮಕ್ಕಳಿಗೆ ಹೇಳಿ. ಅವರಿಗೆ ಬಿಡುವಾಗುವ ಹೊತ್ತು ಕೇಳಿ ಸಮಯ ಇಡಿ, ಹೆಚ್ಚಾಗಿ ಮಧ್ಯಾಹ್ನ ಎರಡರ ಮೇಲೆ.

ವಿಮರ್ಶೆಯಲ್ಲೂ ಅದೇ ಮೂರು ಸುತ್ತು. ಮಾಡಿದವರು ಮೊದಲ ಎರಡು ಸುತ್ತು ಸುಮ್ಮನಿರಬೇಕು. ಬೇರೆಯವರು ಕಂಡದ್ದು ಹೇಳಲಿ. ಮಾರ್ಕ್ಸ್ ನಾನು ಹೀಗೆ ಹಂಚುತ್ತೇನೆ: ಸ್ಕೆಚ್‌ಬುಕ್ಕಿಗೆ 40, ಪ್ರಯೋಗಗಳಿಗೆ 20, ಕೊನೆಯ ಕೆಲಸಕ್ಕೆ 30, ಬೇರೆಯವರ ಕೆಲಸದ ಬಗ್ಗೆ ಆಡಿದ ಮಾತಿಗೆ 10.

ಲೇಬಲ್ಲಿಗೆ ಒಂದು ನಿಯಮ ಇದೆ. ಶೀರ್ಷಿಕೆ, ವಸ್ತು, ಹಿಡಿದ ಹೊತ್ತು, ಕೈಹಾಕಿದ ಎಲ್ಲರ ವಿಷಯ ಅದರಲ್ಲಿ ಇರಲೇಬೇಕು. ಆ ಹುಡುಗಿಯ ಅಮ್ಮ ಪ್ರದರ್ಶನಕ್ಕೆ ಬಂದವರು ಲೇಬಲ್ ಓದುವ ಮೊದಲೇ ಮಾಲೆಯ ತುದಿ ಹಿಡಿದು, ಮೊಣಕೈಗೆ ಒತ್ತಿಕೊಂಡು, ಒಂದು ಮೊಳ ಅಳೆದು ನೋಡಿದರು. ಅರಿಶಿನದ ಗುರುತು ಸರಿಯಾಗಿ ಬೆರಳತುದಿಗೆ ಬಂತು. ಆಮೇಲೆ ಮಗಳು ಓದಿ ಹೇಳಿದಳು: "ಇಪ್ಪತ್ತನಾಲ್ಕು ಮೊಳ. ಬಾಳೆನಾರು, ಲೆಕ್ಕದ ಹಾಳೆ, ಅರಿಶಿನ. ಎಂಟು ಸಂಜೆ. ಕಟ್ಟಿದ್ದು ಅಮ್ಮ ಮತ್ತು ನಾನು."